ಹುಣ್ಣಿಮೆ ಗುಳಗಿ, ಅರ್ಧಚಂದ್ರ ಗುಳಗಿ

ಹುಮನಾಬಾದಿನ ನಮ್ಮ ಚಿಗವ್ವನ ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದೆ. ಅದರ ತಾರೀಖುಗಳ ಮೇಲೆ ಪೆನ್ಸಿಲ್ಲಿನ ಗುರುತುಗಳು: ಒಂದು ದಿನ ದುಂಡಗಿನ ಸೊನ್ನೆ, ಮರುದಿನ ಅರ್ಧ ಸೊನ್ನೆ. ಅಕ್ಷರ ಬಾರದ ಚಿಗವ್ವ ತಾನೇ ಕಂಡುಕೊಂಡ ಲಿಪಿ ಅದು. ಸೊನ್ನೆಯ ದಿನ ಪೂರಾ ಗುಳಿಗೆ, ಅರ್ಧ ಸೊನ್ನೆಯ ದಿನ ಅರ್ಧ ಗುಳಿಗೆ. ಅವಳ ಬಾಯಲ್ಲಿ ಅವು ಹುಣ್ಣಿಮಿ ಗುಳಗಿ, ಅರ್ಧಚಂದ್ರ ಗುಳಗಿ.

ಅರ್ಧದ ದಿನ ಎಲೆಅಡಿಕೆಯ ಚಂಚಿಯಿಂದ ಅಡಕೊತ್ತು ಹೊರಗೆ ಬರುತ್ತದೆ. ಗುಳಿಗೆಯ ನಡುವಿನ ಗೀರು ಅಲುಗಿಗೆ ಸರಿಯಾಗಿ ಕೂರುವಂತೆ ಇಟ್ಟು, ಕಣ್ಣು ಕಿರಿದು ಮಾಡಿ, ಹೆಬ್ಬೆರಳಿನಿಂದ ಒತ್ತುತ್ತಾಳೆ. ಟಕ್. ಒಂದು ಹೋಳು ಬಾಯಿಗೆ, ಇನ್ನೊಂದು ಹಳೆಯ ಕುಂಕುಮದ ಡಬ್ಬಿಗೆ. ಅಲುಗಿಗೆ ಅಂಟಿದ ಬಿಳಿ ಪುಡಿಯನ್ನು ಬೆರಳ ತುದಿಯಿಂದ ಸವರಿ ನಾಲಿಗೆಗೆ ಹಚ್ಚಿಕೊಂಡು, "ಇದನ್ನೂ ಲೆಕ್ಕಕ್ಕ ಹಿಡಿ ತಮ್ಮಾ" ಎನ್ನುತ್ತಾಳೆ. ಲೆಕ್ಕ ಅವಳಿಗೆ ತಮಾಷೆಯಲ್ಲ. ಲೆಕ್ಕ ತಪ್ಪಿದ್ದರಿಂದ ಒಮ್ಮೆ ಅವಳ ಜೀವ ಹೋಗುವುದರಲ್ಲಿತ್ತು, ಮತ್ತು ಆ ಲೆಕ್ಕ ತಪ್ಪಿಸಿದವನು ನಾನೇ.

ಚಿಗವ್ವನ ಕೈ ರೊಟ್ಟಿಯ ಕೈ. ಇಪ್ಪತ್ತು ವರ್ಷ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟವಳು. ಐದು ವರ್ಷದ ಕೆಳಗೆ ಬೆಳಗಿನ ಹೊತ್ತು ಅವಳ ಬೆರಳು ಮಡಚದಂತಾದವು. ಮಣಿಕಟ್ಟು ಬಾತು, ಹಿಟ್ಟು ನಾದುವಾಗ ಕಣ್ಣಲ್ಲಿ ನೀರು. ಸಂಧಿವಾತ. ಯಾರೋ ಹೇಳಿದರು ಅಂತ ಒಂದೂರಿಗೆ ಹೋದಳು. ಅಲ್ಲಿ ಹೆಸರಿಲ್ಲ, ಚೀಟಿಯಿಲ್ಲ. ಹಳೆಯ ಪೇಪರಿನ ಚೌಕದಲ್ಲಿ ಬಿಳಿ, ಹಳದಿ, ಗುಲಾಬಿ ಮೂರು ಬಣ್ಣದ ಗುಳಿಗೆ ಕಟ್ಟಿದ ಪುಡಿಕೆ. ಎರಡೇ ದಿನದಲ್ಲಿ ಮುಷ್ಟಿ ಬಿಗಿಯಿತು. "ದೇವರ ಕೈಗುಣ ಅದ ನೋಡು" ಅಂದಳು. ಅಲ್ಲಿಂದ ನಾಲ್ಕು ವರ್ಷ ಪುಡಿಕೆ ನಿಲ್ಲಲಿಲ್ಲ. ಮಾರಿ ದುಂಡಗಾಯಿತು, ಕೆನ್ನೆ ಕೆಂಪೇರಿತು, ಬೆನ್ನ ಮೇಲ್ಭಾಗ ದಪ್ಪವಾಯಿತು. ಮದುವೆ ಮನೆಗಳಲ್ಲಿ ಹೆಂಗಸರು, "ಮೈ ಹಿಡದೀ, ಸೊಸಿ ಛೊಲೊ ನೋಡ್ಕೊಳ್ಳತ್ತಾಳ" ಎಂದು ಹೊಗಳಿದರು. ಸೊಸೆಗೂ ಖುಷಿ. ಮೊಣಕೈಯಲ್ಲಿ ಸುಮ್ಮಸುಮ್ಮನೆ ನೀಲಿಗಟ್ಟುತ್ತಿದ್ದುದನ್ನು, ಕೂತಲ್ಲಿಂದ ಏಳಲು ಗೋಡೆ ಹಿಡಿಯುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ನಾನು ಕಲಬುರಗಿಯಿಂದ ಎಳ್ಳಮಾವಾಸ್ಯೆಗೆ ಹೋದಾಗ ಆ ಪುಡಿಕೆ ಕಣ್ಣಿಗೆ ಬಿತ್ತು. ಫೋನಿನಲ್ಲಿ ಸ್ಟಿರಾಯ್ಡಿನ ಅನಾಹುತಗಳ ಬಗ್ಗೆ ಹತ್ತಾರು ಫಾರ್ವರ್ಡ್ ಓದಿ ತಲೆ ತುಂಬಿಕೊಂಡಿದ್ದೆ. ದುಂಡು ಮಾರಿ ನೋಡಿದೊಡನೆ ಎಲ್ಲ ತಿಳಿದವನಂತೆ ಬೈದೆ. ಪುಡಿಕೆಗಳನ್ನೆಲ್ಲ ಒಟ್ಟುಮಾಡಿ ಒಲೆಗೆ ಹಾಕಿದೆ. "ಇನ್ನ ಒಂದೂ ಮುಟ್ಟಬ್ಯಾಡ" ಎಂದು ಆಣೆ ಹಾಕಿಸಿಕೊಂಡೆ. ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಊರು ಉಳಿಸಿದವನ ಗತ್ತಿನಲ್ಲಿ ಬಸ್ಸು ಹತ್ತಿದೆ.

ಐದನೆಯ ದಿನ ಫೋನು ಬಂತು. ಮೂರು ದಿನದಿಂದ ಹಾಸಿಗೆ ಬಿಟ್ಟೆದ್ದಿಲ್ಲ. ಮೈಯೆಲ್ಲ ಮುರಿದಂಗ, ಅನ್ನ ನೋಡಿದರೆ ಓಕರಿಕೆ. ನಿನ್ನೆಯಿಂದ ವಾಂತಿ. ಎದ್ದು ನಿಂತರೆ ಕಣ್ಣಿಗೆ ಕತ್ತಲು. ದವಾಖಾನೆಗೆ ಒಯ್ದಾಗ ಬಿಪಿ 80/50, ಸಕ್ಕರೆ 58. ಸಾಮಾನ್ಯ ವಾಂತಿಭೇದಿ ಎಂದು ಸಲೈನ್ ಹಚ್ಚಿ ಸುಮ್ಮನಾಗಬಹುದಿತ್ತು. ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು ಹಾಗೆ ಮಾಡಲಿಲ್ಲ. ಕೈಯ ಚರ್ಮ ಚಿವುಟಿ ನೋಡಿದರು. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಹೊಟ್ಟೆಯ ಮೇಲಿನ ನೇರಳೆ ಗೆರೆಗಳನ್ನು ನೋಡಿದರು. "ಅವ್ವಾ, ಯಾವ ಗುಳಗಿ ತಗೋತಿದ್ರಿ? ಯಾವಾಗ ಬಿಟ್ರಿ?" ಎಂದು ಕೇಳಿದರು. ರಕ್ತ ತೆಗೆದಿಟ್ಟುಕೊಂಡು, ವರದಿ ಬರುವ ತನಕ ಕಾಯದೆ, ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಸೂಜಿ ಕೊಟ್ಟರು. ಮಧ್ಯಾಹ್ನಕ್ಕೆ ಹೋದ ಚಿಗವ್ವ ಸಂಜೆಗೆ ಎದ್ದು ಕೂತು ಚಹಾ ಕೇಳಿದಳು.

ಆಮೇಲೆ ಆ ಡಾಕ್ಟರು ನನ್ನನ್ನು ಹೊರಗೆ ಕರೆದು, ಒಂದೇ ಮಾತು ಹೇಳಿದರು: "ಆ ಗುಳಗಿ ಶುರು ಮಾಡಿದ್ದು ತಪ್ಪು ಖರೇ. ಆದ್ರ ನೀವು ನಿಲ್ಲಿಸಿದ ರೀತಿ ಅದಕ್ಕಿಂತ ದೊಡ್ಡ ತಪ್ಪು."

ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಸಣ್ಣ ಗ್ರಂಥಿಗಳಿವೆ, ಅಡ್ರಿನಲ್ ಎಂದು ಹೆಸರು. ಒಂದೊಂದರ ತೂಕ ನಾಲ್ಕೈದು ಗ್ರಾಂ. ದಿನವೂ ಕಾರ್ಟಿಸಾಲ್ ಎಂಬ ರಸ ತಯಾರಿಸುವುದು ಇವುಗಳ ಕೆಲಸ. ರಕ್ತದೊತ್ತಡ ಬೀಳದಂತೆ, ಉಪವಾಸವಿದ್ದಾಗ ಸಕ್ಕರೆ ಇಳಿಯದಂತೆ, ಜ್ವರ, ಗಾಯ, ಆಪರೇಷನ್ ಬಂದಾಗ ಮೈ ಸೆಟೆದು ನಿಲ್ಲುವಂತೆ ಮಾಡುವುದು ಈ ರಸವೇ. ಕೋಳಿ ಕೂಗುವ ಮೊದಲೇ ಅದು ರಕ್ತದಲ್ಲಿ ಏರತೊಡಗಿ, ನಾವು ಏಳುವ ಹೊತ್ತಿಗೆ ತುದಿ ಮುಟ್ಟಿ, ನಡುರಾತ್ರಿಗೆ ತಳ ಕಾಣುತ್ತದೆ. ಎಷ್ಟು ತಯಾರಾಗಬೇಕು ಎಂದು ಹುಕುಂ ಹೊರಡುವುದು ಮಿದುಳಿನ ಬುಡದ ಪಿಟ್ಯುಟರಿಯಿಂದ. ರಕ್ತದಲ್ಲಿ ಸಾಕಷ್ಟಿದ್ದರೆ ಹುಕುಂ ಇಲ್ಲ.

ಈಗ ಹೊರಗಿನಿಂದ ದಿನಾ ಗುಳಿಗೆ ಬರತೊಡಗಿತು ಎನ್ನಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡಿಫ್ಲಜಕಾರ್ಟ್, ಹೆಸರು ಯಾವುದೇ ಇರಲಿ, ಸ್ಟಿರಾಯ್ಡ್ ಎನ್ನುವ ಇವೆಲ್ಲವೂ ಕಾರ್ಟಿಸಾಲಿನ ಅಣ್ಣತಮ್ಮಂದಿರು. ಪಿಟ್ಯುಟರಿಗೆ ಒಳಗಿನದು, ಹೊರಗಿನದು ಎಂಬ ಭೇದ ತಿಳಿಯದು. ಸಾಕಷ್ಟಿದೆ ಎಂದುಕೊಂಡು ಸುಮ್ಮನಾಗುತ್ತದೆ. ಹುಕುಂ ಬಾರದ ಅಡ್ರಿನಲ್ ದಿನೇ ದಿನೇ ಸೊರಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ದನದ ಮನೆಯಲ್ಲಿ ಕಟ್ಟಿಹಾಕಿದ ಎತ್ತಿನ ಗತಿ ಅದಕ್ಕೆ. ನಾಲ್ಕು ವರ್ಷ ನೊಗ ಕಾಣದ ಹೆಗಲಿನ ಜಡ್ಡು ಕರಗಿ ಮೆತ್ತಗಾಗಿರುತ್ತದೆ. ಒಂದು ದಿನ ಟ್ರ್ಯಾಕ್ಟರ್ ಕಳಿಸಿಬಿಟ್ಟು, ನಾಳೆಯೇ ಎಂಟೆಕರೆ ಹೊಡಿ ಎಂದು ಅದರ ಹೆಗಲಿಗೆ ನೇಗಿಲು ಏರಿಸಿದರೆ ಎತ್ತು ಸಾಲಿನಲ್ಲೇ ಕುಸಿಯುತ್ತದೆ. ನಾನು ಮಾಡಿದ್ದು ಅದನ್ನೇ.

ಗುಳಿಗೆಯ ಗಾತ್ರ ನೋಡಿ ಮೋಸಹೋಗಬಾರದು. ಡೆಕ್ಸಾಮೆಥಾಸೋನ್ ಮುಕ್ಕಾಲು ಮಿಲಿಗ್ರಾಂ, ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ, ಹೈಡ್ರೋಕಾರ್ಟಿಸೋನ್ 20 ಮಿಲಿಗ್ರಾಂ, ಈ ಮೂರೂ ತೂಕದಲ್ಲಿ ಬೇರೆ, ಜೋರಿನಲ್ಲಿ ಸುಮಾರು ಒಂದೇ. ಒಂದಿಡೀ ದಿನಕ್ಕೆ ನಮ್ಮ ದೇಹ ತಾನಾಗಿ ತಯಾರಿಸುವುದೂ ಹೆಚ್ಚುಕಡಿಮೆ ಅಷ್ಟೇ. ಚಿಗವ್ವನ ಪುಡಿಕೆಯಂಥದ್ದೇ ಪಕ್ಕದ ಮನೆಯಲ್ಲೂ ಇತ್ತು. ಡಾಕ್ಟರು ತರಿಸಿ ನೋಡಿದರು. ಒಂದು ನೋವಿನದು, ಒಂದು ಆಸಿಡಿಟಿಯದು, ಮೂರನೆಯದು ಡೆಕ್ಸಾಮೆಥಾಸೋನ್ ಅರ್ಧ ಮಿಲಿಗ್ರಾಂ ಇದ್ದಂತಿದೆ ಎಂದರು. ದಿನಕ್ಕೆ ಮೂರು ಹೊತ್ತು ಎಂದರೆ ಒಂದೂವರೆ ಮಿಲಿಗ್ರಾಂ. ದೇಹಕ್ಕೆ ಬೇಕಾದದ್ದರ ದುಪ್ಪಟ್ಟು. ಅದೂ ರಾತ್ರಿ ಊಟದ ನಂತರ ಒಂದು. ಗ್ರಂಥಿಗೆ ಬೆಳಗಿನ ಜಾವದ ಕರೆ ಕೇಳುವ ಅವಕಾಶವೇ ಇರಲಿಲ್ಲ.

ಸ್ಟಿರಾಯ್ಡಿನ ಹುಟ್ಟಿನ ಕಥೆಯಲ್ಲೇ ಅದರ ಒಳಿತು, ಕೆಡುಕಿನ ಎರಡೂ ಮುಖಗಳಿವೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು 29 ವರ್ಷದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ನಮ್ಮ ಚಿಗವ್ವನದೇ ರೋಗ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾರದವಳು ಒಂದು ವಾರದೊಳಗೆ ನಡೆದುಹೋಗಿ ಪೇಟೆ ಸುತ್ತಿ ಬಂದಳು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್, ಟಾಡೆಯುಸ್ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ದುಂಡು ಮುಖ, ಮನಸ್ಸಿನ ಏರುಪೇರು, ನಿಲ್ಲಿಸಿದೊಡನೆ ಮರಳುವ ನೋವು, ಇವೂ ಅದೇ ವರ್ಷಗಳಲ್ಲಿ ಕಂಡವು. ಕಾರ್ಟಿಸೋನ್ ನುಂಗುತ್ತಿದ್ದ ರೋಗಿ ಅದನ್ನು ಬಿಟ್ಟು ಆಪರೇಷನ್ನಿಗೆ ಹೋಗಿ ಕುಸಿದು ಸತ್ತ ವರದಿ 1952ರಲ್ಲೇ ಅಚ್ಚಾಯಿತು. ಅಂದರೆ ನಾನು ಒಲೆಗೆ ಪುಡಿಕೆ ಹಾಕುವ ಎಷ್ಟೋ ದಶಕಗಳ ಮೊದಲೇ ಜಗತ್ತಿಗೆ ಇದು ಗೊತ್ತಿತ್ತು.

ಹಾಗಾದರೆ ನನಗೆ ಸ್ಟಿರಾಯ್ಡಿನ ಆ ಭಯ ಎಲ್ಲಿಂದ ಬಂತು? ಕೊರೋನಾದಿಂದ ಎಂದೇ ನನ್ನ ಅನಿಸಿಕೆ. 2020ರ ಜೂನಿನಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗ, ಆಮ್ಲಜನಕ ಬೇಕಾದ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಹೆಚ್ಚೆಂದರೆ ಹತ್ತು ದಿನ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ಅಗ್ಗದ, ಹಳೆಯ ಮದ್ದು. ಸಾವಿರಾರು ಜೀವ ಉಳಿಸಿತು. ಮರುವರ್ಷ ಎರಡನೇ ಅಲೆ. ಮೇ ಹೊತ್ತಿಗೆ ಎಲ್ಲೆಲ್ಲೂ ಕಪ್ಪು ಶಿಲೀಂಧ್ರದ ಸುದ್ದಿ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯ ಜೊತೆ ಬೇಕಾಬಿಟ್ಟಿ ಸ್ಟಿರಾಯ್ಡ್ ಸೇರಿ ಕಣ್ಣು, ದವಡೆ ಕಳೆದುಕೊಂಡವರ ಚಿತ್ರಗಳು ಫೋನಿನಿಂದ ಫೋನಿಗೆ ಹಾರಿದವು. ಸ್ಟಿರಾಯ್ಡ್ ಎಂಬುದು ಬೈಗುಳವಾಯಿತು. ಆ ಚಿತ್ರಗಳಲ್ಲಿ ಸುಳ್ಳಿರಲಿಲ್ಲ. ನಿಲ್ಲಿಸುವುದು ಹೇಗೆ ಎಂಬುದೂ ಅವುಗಳಲ್ಲಿ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೂ ಒಂದು ಫಾರ್ವರ್ಡ್ ಬರೆದಂತಾಗುತ್ತದೆ. ದಮ್ಮು ಹೆಚ್ಚಾದಾಗ, ಅಲರ್ಜಿ ಉಕ್ಕಿದಾಗ ಡಾಕ್ಟರು ಐದು ದಿನ, ವಾರ ಕೊಡುವ ಸ್ಟಿರಾಯ್ಡಿನಿಂದ ಅಡ್ರಿನಲ್ ಮಲಗಿಬಿಡುವುದಿಲ್ಲ. ಮೂರು ನಾಲ್ಕು ವಾರದೊಳಗಿನ ಕೋರ್ಸನ್ನು ಗ್ರಂಥಿಯ ಭಯಕ್ಕಾಗಿ ಹಂತಹಂತವಾಗಿ ಇಳಿಸಬೇಕಾಗಿಯೂ ಇಲ್ಲ ಎನ್ನುತ್ತದೆ ಯುರೋಪ್ ಮತ್ತು ಅಮೆರಿಕದ ಗ್ರಂಥಿತಜ್ಞರು ಸೇರಿ 2024ರಲ್ಲಿ ತಂದ ಮಾರ್ಗಸೂಚಿ. ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಬಾತ ಮಗುವಿಗೆ, ಲೂಪಸ್ ರೋಗಿಗೆ, ಕಿಡ್ನಿ ಕಸಿಯಾದವರಿಗೆ ತಿಂಗಳುಗಟ್ಟಲೆ ಕೊಡಲೇಬೇಕಾಗುತ್ತದೆ. ಅದು ಚೀಟಿಯ ಮೇಲೆ, ಲೆಕ್ಕ ಇಟ್ಟು ಕೊಡುವ ಮದ್ದು. ಹೆಸರಿಲ್ಲದ ಪುಡಿಕೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ದವಾಖಾನೆಯಿಂದ ಬಂದ ಚಿಗವ್ವನಿಗೆ ಡಾಕ್ಟರು ಬರೆದುಕೊಟ್ಟದ್ದು ಮತ್ತೆ ಸ್ಟಿರಾಯ್ಡೇ. ಮನೆಯವರು ಹೌಹಾರಿದರು. ಈ ಸಲ ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ, ಬೆಳಿಗ್ಗೆ ಎಂಟಕ್ಕೆ ಉಂಡ ಮೇಲೆ, ಒಂದೇ ಹೊತ್ತು. ಡೆಕ್ಸಾಮೆಥಾಸೋನಿನ ಪರಿಣಾಮ ಒಂದು ದಿನ ದಾಟಿದರೂ ಇಳಿಯದು. ಪ್ರೆಡ್ನಿಸೊಲೋನ್ ರಾತ್ರಿಯ ಹೊತ್ತಿಗೆ ಇಳಿದು ಗ್ರಂಥಿಗೆ ಒಂದಿಷ್ಟು ಖಾಲಿ ಜಾಗ ಬಿಡುತ್ತದೆ. ಎತ್ತನ್ನು ಮೊದಲು ಸುಮ್ಮನೆ ಹೊಲಕ್ಕೆ ಕರೆದೊಯ್ದ ಹಾಗೆ. ಒಂದು ತಿಂಗಳಾದ ಮೇಲೆ ಏಳೂವರೆ, ಇನ್ನೊಂದು ತಿಂಗಳಾದ ಮೇಲೆ 5. ಅಲ್ಲಿಂದ ಕೆಳಗೆ ಆಮೆ ನಡಿಗೆ. 5ಕ್ಕಿಂತ ಕೆಳಗಿಳಿದಾಗಲೇ ದೇಹಕ್ಕೆ ನಿಜವಾದ ಕೊರತೆ ಶುರುವಾಗುವುದು, ನಿಜವಾದ ಕೆಲಸವೂ ಆಗಲೇ. ಹುಣ್ಣಿಮೆ, ಅರ್ಧಚಂದ್ರದ ಲಿಪಿ ಹುಟ್ಟಿದ್ದು ಆ ಹಂತದಲ್ಲಿ. 1 ಮಿಲಿಗ್ರಾಂ ಗುಳಿಗೆಗಾಗಿ ಊರ ಮೆಡಿಕಲ್‌ಗಳಲ್ಲೆಲ್ಲ ಕೇಳಿದೆ, ಸಿಗಲಿಲ್ಲ. ಆಗ ಒಂದು ದಿನ 5, ಮರುದಿನ ಎರಡೂವರೆ ಎಂದರು ಡಾಕ್ಟರು. ಇದು ಚಿಗವ್ವನ ಲೆಕ್ಕ. ಇನ್ನೊಬ್ಬರದು ಅವರ ರೋಗ, ವಯಸ್ಸು, ನುಂಗಿದ ಕಾಲದ ಮೇಲೆ ಬೇರೆಯೇ ಇರುತ್ತದೆ.

ಈ ಇಳಿದಾರಿಯ ಕಷ್ಟ ಯಾರೂ ಮುಂಚೆ ಹೇಳಿರಲಿಲ್ಲ. ಪ್ರತಿ ಸಲ ಒಂದು ಮೆಟ್ಟಿಲು ಇಳಿದಾಗ ವಾರ, ಹತ್ತು ದಿನ ಚಿಗವ್ವ ಬೇರೆಯೇ ಹೆಂಗಸು. ಬೆಳಿಗ್ಗೆ ಮೈ ಸೀಸದಂತೆ ಭಾರ. ತೊಡೆ, ಭುಜ, ಮೂಳೆಯೆಲ್ಲ ನೋವು. ಊಟ ಸೇರದು. ಚರ್ಮದ ಹೊಟ್ಟು ಉದುರುವುದು. ಎಲ್ಲಕ್ಕಿಂತ ಹೆಚ್ಚಾಗಿ ಅಳು. ಹಾಲು ಉಕ್ಕಿದರೂ ಅಳು, ಮೊಮ್ಮಗ ಶಾಲೆಗೆ ಹೋದರೂ ಅಳು. "ಯಾರೋ ಏನೋ ಮಾಡಿಸ್ಯಾರ" ಎಂದು ಓಣಿಯವರು ನಿಂಬೆಹಣ್ಣು ಮಂತ್ರಿಸಿ ತಂದರು. ಸ್ಟಿರಾಯ್ಡ್ ಮನಸ್ಸಿಗೂ ಒಂದು ಊರುಗೋಲಾಗಿರುತ್ತದೆ. ಅದನ್ನು ತೆಗೆದಾಗ ಕೆಲಕಾಲ ಲೋಕವೇ ಬಣ್ಣಗೆಡುತ್ತದೆ ಎಂದು ಗೊತ್ತಿದ್ದರೆ ಸೊಸೆಯೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಕಡೆಗೆ ಇದನ್ನು ಬಿಡಿಸಿ ಹೇಳಿದ್ದೂ ಆ ಡಾಕ್ಟರೇ. ನಿಲ್ಲಿಸುವಾಗ ಕಾಡುವ ಸಂಕಟಕ್ಕೆ ಮೂರು ಬೇರು. ಒಂದು, ಔಷಧ ಅಡಗಿಸಿಟ್ಟಿದ್ದ ಮೂಲ ರೋಗ ಮತ್ತೆ ಹೆಡೆಯೆತ್ತುವುದು. ಅದಾದರೆ ಬೆರಳ ಕೀಲು ಬಾತು ಬಿಸಿಯಾಗುತ್ತವೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಇನ್ನೊಂದು, ಗ್ರಂಥಿ ಇನ್ನೂ ಎಚ್ಚೆತ್ತಿಲ್ಲದ ಕೊರತೆ. ತಲೆಸುತ್ತು, ವಾಂತಿ, ತೂಕ ಇಳಿಕೆ, ಬಿಪಿ, ಸಕ್ಕರೆ ಬೀಳುವುದು ಅದರ ಕುರುಹು. ಇವೆರಡೂ ಅಲ್ಲದ ಮೂರನೆಯದು, ಹೆಚ್ಚಿಗೆ ಒಗ್ಗಿದ ದೇಹ ಸರಿಯಾದ ಅಳತೆಗೂ ಮುನಿಸಿಕೊಳ್ಳುವುದು. ಬಾವಿಲ್ಲದ ಮೈಕೈ ನೋವು, ಸುಸ್ತು, ಅಳು ಎಲ್ಲ ಅದರ ಪಾಲು. ಮೂರರದ್ದೂ ಮುಖ ಒಂದೇ ತೆರನಾಗಿರುವುದರಿಂದ ಮನೆಯಲ್ಲಿ ಕೂತು ತೀರ್ಮಾನಿಸುವುದು ಕಷ್ಟ. ಮೂರನೆಯದಕ್ಕೆ ಅದೇ ಮೆಟ್ಟಿಲಲ್ಲಿ ಇನ್ನೆರಡು ವಾರ ಕೂತಿರುವುದು, ತಡೆಯದಿದ್ದರೆ ಒಂದು ಮೆಟ್ಟಿಲು ಹತ್ತಿ ಮತ್ತೆ ಇಳಿಯುವುದೇ ಮದ್ದು. ಹತ್ತುವುದು ಸೋಲಲ್ಲ ಎಂದು ಅವಳನ್ನು ಒಪ್ಪಿಸಲು ಸಾಕುಬೇಕಾಯಿತು.

ಮೊದಲನೆಯದಕ್ಕೆ, ಅಂದರೆ ಮೂಲ ರೋಗಕ್ಕೆ, ಮಾತ್ರ ಬೇರೆ ಔಷಧವೇ ಬೇಕು. ಸಂಧಿವಾತವನ್ನು ಬುಡದಲ್ಲಿ ಹಿಡಿಯುವ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜಿನ್‌ಗಳು ಕೆಲಸ ಶುರುಮಾಡಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಸ್ಟಿರಾಯ್ಡ್ ಬರೀ ಸೇತುವೆ. ನಮ್ಮ ಕಡೆ ಸೇತುವೆಯ ಮೇಲೇ ಮನೆ ಕಟ್ಟಿಬಿಡುತ್ತೇವೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ಎಂಬುದನ್ನು ಮರೆಯಬಾರದು. ದಿನಾ ನುಂಗಿದರೆ ವಿಷವೇ. ಚಿಗವ್ವನ ಕ್ಯಾಲೆಂಡರಿನಲ್ಲಿ ಸೋಮವಾರಗಳ ಮೇಲೆ ಒಂದು ತ್ರಿಶೂಲ ಇರುವುದು ಇದಕ್ಕಾಗಿ.

ಹಾಗೆ ಸೇತುವೆಯ ಮೇಲೆ ಮನೆ ಕಟ್ಟಿಕೊಂಡ ಒಬ್ಬ ಚಾಚಾ ಬಸವಕಲ್ಯಾಣದಲ್ಲಿ ನನಗೆ ಪರಿಚಯ. ಸಸ್ತಾಪುರ ಬಂಗ್ಲಾದ ಕಡೆ ಲಾರಿಗಳ ಮೈಗೆ ಬಣ್ಣ ಹೊಡೆಯುತ್ತಾರೆ. ಹಿಂಬದಿಯ ಹಲಗೆಯ ಮೇಲೆ ಅವರು ಬಿಡಿಸುವ ಹುಲಿ ನೋಡಲೆಂದೇ ನಾನು ನಿಲ್ಲುವುದು. ಹುಲಿ ಸವಾರಿಯ ರಾಜಾ ಬಾಗ್ ಸವಾರರ ದರ್ಗಾ ಇರುವ ಊರಲ್ಲವೇ. ಸ್ಪ್ರೇ ಬಣ್ಣದ ಹೊಗೆಮಂಜು ಕುಡಿದು ಕುಡಿದು ಅವರಿಗೆ ದಮ್ಮು. ಗಟ್ಟಿಯಾಗಿ ಒಣಗುವ ಕೆಲವು ಬಣ್ಣಗಳಲ್ಲಿರುವ ಐಸೊಸಯನೇಟ್ ದಮ್ಮು ತರುವುದರಲ್ಲಿ ಕುಖ್ಯಾತ. ಕುಂಚದ ಡಬ್ಬಿಯಲ್ಲೇ ಅವರ ಸಣ್ಣ ಗುಳಿಗೆಯ ಪಟ್ಟಿ ಇರುತ್ತದೆ, ಬೀಟಾಮೆಥಾಸೋನ್. ಚೀಟಿ ಇದೆಯಾ ಎಂದರೆ ಹೆಮ್ಮೆಯಿಂದ ತೋರಿಸಿದರು: ಏಳು ವರ್ಷದ ಹಿಂದಿನದು, ಹರಿಯಬಾರದೆಂದು ಲ್ಯಾಮಿನೇಷನ್ ಮಾಡಿಸಿದ್ದು. ಡಾಕ್ಟರು ಐದು ದಿನಕ್ಕೆಂದು ಬರೆದಿದ್ದರು. ಇವು ಶೆಡ್ಯೂಲ್ ಎಚ್ ಔಷಧಗಳು, ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬುದು 1945ರ ಔಷಧ ನಿಯಮ. ಲ್ಯಾಮಿನೇಷನ್ ಮಾಡಿದ ಚೀಟಿಗೆ ಆ ನಿಯಮ ಏನು ಮಾಡೀತು!

ದಮ್ಮಿಗೆ ಎಳೆಯುವ ಪಂಪು ಯಾಕೆ ತಗೊಳ್ಳಲ್ಲ ಚಾಚಾ ಎಂದೆ. "ಪಂಪ್ ಚಟ ಆಗ್ತದ ಅಂತಾರ ಬೇಟಾ." ತಲೆಕೆಳಗಾದ ಭಯ ಇದು. ಪಂಪಿನಲ್ಲಿರುವ ಸ್ಟಿರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಬಹಳ ಹೆಚ್ಚಿನ ಅಳತೆಯಲ್ಲಿ ವರ್ಷಗಟ್ಟಲೆ ಎಳೆದರೆ ಅದೂ ಗ್ರಂಥಿಯನ್ನು ಮಂಕು ಮಾಡಬಲ್ಲದು, ಆದರೆ ಗುಳಿಗೆಯ ಜೊತೆ ಹೋಲಿಕೆಯಿಲ್ಲ. ನಾಲ್ಕು ಜನರ ಎದುರು ಬಾಯಿಗೆ ಹಚ್ಚಬೇಕಾದ ಪಂಪು ರೋಗವನ್ನು ಸಾರುತ್ತದೆ, ಗುಳಿಗೆ ಮುಚ್ಚಿಡುತ್ತದೆ. ನಿಜವಾದ ಕಾರಣ ಅದೇ ಇರಬೇಕು. ರಂಜಾನಿನಲ್ಲಿ ರೋಜಾ ಹಿಡಿದಾಗ ಅವರು ಗುಳಿಗೆಯನ್ನೂ ಬಿಡುತ್ತಿದ್ದರಂತೆ. ಸಂಜೆ ಹೊತ್ತಿಗೆ ಕೈ ನಡುಗಿ ಹುಲಿಯ ಮೀಸೆ ಸೊಟ್ಟಗಾಗುತ್ತಿತ್ತು. ಮಲಗಿದ ಅಡ್ರಿನಲ್ ಇರುವವರಿಗೆ ರೋಜಾ ಇರಲಿ, ಶ್ರಾವಣ ಸೋಮವಾರದ ಒಪ್ಪತ್ತು ಇರಲಿ, ಉಪವಾಸ ಆಟವಲ್ಲ. ಹಿಡಿಯುವ ಮುಂಚೆ ಡಾಕ್ಟರ ಜೊತೆ ಮಾತಾಡಬೇಕು. ಈಗ ಚಾಚಾ ಪಂಪು ಶುರುಮಾಡಿದ್ದಾರೆ, ಗುಳಿಗೆ ಇಳಿಯುತ್ತಿದೆ. ಮುಖಕ್ಕೆ ಒಂದು ಒಳ್ಳೆಯ ಮಾಸ್ಕ್ ಬೇಕೆಂದು ಮಾಲೀಕರ ಜೊತೆ ಜಗಳವೂ ನಡೆದಿದೆ.

ಮುಲಾಮುಗಳದ್ದೂ ಇದೇ ಕಥೆ. ಮಾರಿ ಬೆಳ್ಳಗಾಗಲೆಂದು ಸ್ಟಿರಾಯ್ಡ್ ಕ್ರೀಮು ತಿಂಗಳುಗಟ್ಟಲೆ ಹಚ್ಚಿ, ಬಿಟ್ಟೊಡನೆ ಮುಖವೆಲ್ಲ ಕೆಂಡದಂತೆ ಉರಿದು ಮತ್ತೆ ಅದನ್ನೇ ಹಚ್ಚುವ ಹುಡುಗಿಯರು ಪ್ರತಿ ಓಣಿಯಲ್ಲೂ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹದಿನಾಲ್ಕು ಬಗೆಯ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂಗಡಿಯ ಕಪಾಟಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ, ಬೆಂಗಳೂರಿನವರಿಗೆ ಇದು ಸುಲಭಕ್ಕೆ ಹೊಳೆಯದು. ಹುಮನಾಬಾದ್ ನಾಲ್ಕು ದಾರಿ ಕೂಡುವ ಊರು. ಹೆದ್ದಾರಿಯ ಒಂದು ತುದಿಗೆ ಹೈದರಾಬಾದ್, ಇನ್ನೊಂದು ಕಡೆಗೆ ಸೊಲ್ಲಾಪುರ. ಅಡ್ಡಕ್ಕೆ ಬೀದರ್, ಕಲಬುರಗಿ. ಕಾಯಿಲೆ ಬಿದ್ದವರು ನೆಂಟರು ಎಲ್ಲಿದ್ದಾರೋ ಅಲ್ಲಿಗೆ ಹೋಗುತ್ತಾರೆ. ಚಿಗವ್ವ ಕಣ್ಣಿನ ಪೊರೆ ತೆಗೆಸಿದ್ದು ಸೊಲ್ಲಾಪುರದಲ್ಲಿ, ಸೊಂಟದ ಮೂಳೆಯ ಫೋಟೋ ಹೈದರಾಬಾದಿನಲ್ಲಿ, ಸಕ್ಕರೆಯ ಗುಳಿಗೆ ಬೀದರಿನಲ್ಲಿ. ಮೂರು ರಾಜ್ಯದ ಕಾಗದ ಮೂರು ಚೀಲದಲ್ಲಿ. ಪೊರೆ ಬೇಗ ಬಂದದ್ದೂ, ಮೂಳೆ ಸವೆದದ್ದೂ, ಸಕ್ಕರೆ ಏರಿದ್ದೂ ಒಂದೇ ಪುಡಿಕೆಯಿಂದ ಇದ್ದೀತು ಎಂದು ಕೂಡಿಸಿ ನೋಡುವ ಕಣ್ಣು ಯಾವ ಊರಲ್ಲೂ ಇಲ್ಲ. ಪುಡಿಕೆಯ ಸುದ್ದಿಯನ್ನು ರೋಗಿಯೂ ಹೇಳುವುದಿಲ್ಲ, ದೊಡ್ಡ ಡಾಕ್ಟರು ಬೈದಾರು ಎಂದು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಸಂಗಣ್ಣ ಎಂಬ ವೈದ್ಯನೂ ಇದ್ದ, ವಚನಗಳನ್ನೂ ಬರೆದ. ಅವನ ಕಾಲದಲ್ಲಿ ರೋಗಿಯ ಇಡೀ ಚರಿತ್ರೆ ಊರಿಗೇ ಗೊತ್ತಿದ್ದಿರಬೇಕು ಎಂದುಕೊಳ್ಳುತ್ತೇನೆ.

ಚಿಗವ್ವನ ಮೂರೂ ಚೀಲ ಬಿಚ್ಚಿ ಒಂದೇ ಫೈಲಿಗೆ ಸೇರಿಸುವುದಕ್ಕೆ ನನಗೆ ಒಂದು ಭಾನುವಾರ ಬೇಕಾಯಿತು. ಅದರ ಮೇಲೆ ಡಾಕ್ಟರು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಚೀಟಿ ಇದೆ, ಅದರ ಇನ್ನೊಂದು ಪ್ರತಿ ಚಂಚಿಯಲ್ಲಿ, ಅಡಕೊತ್ತಿನ ಪಕ್ಕ: ಈ ರೋಗಿ ದೀರ್ಘಕಾಲ ಸ್ಟಿರಾಯ್ಡ್ ತಗೊಂಡವರು, ತಟ್ಟನೆ ನಿಲ್ಲಿಸಬಾರದು, ವಾಂತಿ ಅಥವಾ ಎಚ್ಚರ ತಪ್ಪಿದರೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಸೂಜಿ. ಜ್ವರ ಬಂದ ದಿನಗಳಲ್ಲಿ ಗುಳಿಗೆ ದುಪ್ಪಟ್ಟು, ಜ್ವರ ಇಳಿದ ಮೇಲೆ ಮತ್ತೆ ಮೊದಲಿನ ಅಳತೆ. ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬಾರದು, 108ಕ್ಕೆ ಫೋನು. ಹಲ್ಲು ಕೀಳಿಸುವುದಾದರೂ, ಆಪರೇಷನ್ ಆದರೂ ಚೀಟಿ ಮೊದಲು ತೋರಿಸಬೇಕು. ಗುಳಿಗೆ ಪೂರ್ತಿ ಬಿಟ್ಟ ಮೇಲೂ ಈ ಎಚ್ಚರ ಹೋಗುವಂತಿಲ್ಲ. ಗ್ರಂಥಿ ಪೂರ್ತಿ ಚೇತರಿಸಲು ಆರು ತಿಂಗಳು, ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಹಿಡಿಯುತ್ತದೆ.

ಉಳಿದದ್ದು ಮನೆಯ ಬದುಕು. ಎದ್ದ ಅರ್ಧ ಗಂಟೆಯಲ್ಲಿ ಏನಾದರೂ ಹೊಟ್ಟೆಗೆ ಬೀಳಬೇಕು. ಸವೆದ ಮೂಳೆ, ಸೊರಗಿದ ತೊಡೆಗೆ ತೊಗರಿಬೇಳೆ, ಮೊಸರು, ಎಳ್ಳು. ನಮ್ಮ ಸೀಮೆಯಲ್ಲಿ ಇವಕ್ಕೇನು ಬರವಿಲ್ಲ. ಡಾಕ್ಟರು ಹೇಳಿದ ಕ್ಯಾಲ್ಸಿಯಂ ಗುಳಿಗೆ. ಬೆಳಗಿನ ಎಳೆಬಿಸಿಲಲ್ಲಿ ವೀರಭದ್ರೇಶ್ವರ ಗುಡಿಯ ತನಕ ಒಂದು ನಡಿಗೆ, ಮೊದಲ ತಿಂಗಳು ಓಣಿಯ ತಿರುವಿಗೇ ಏದುಸಿರು ಬರುತ್ತಿತ್ತು. ಸೊಂಟದಲ್ಲೋ ತೊಡೆಸಂದಿಯಲ್ಲೋ ಹೊಸ ನೋವು ಕಂಡರೆ ಸುಮ್ಮನಿರಬಾರದೆಂದು ಹೇಳಿದ್ದಾರೆ. ಸ್ಟಿರಾಯ್ಡ್ ತೊಡೆಯ ಮೂಳೆಯ ತಲೆಗೆ ರಕ್ತ ತಪ್ಪಿಸಿ ಅದನ್ನು ಕೊಲ್ಲುವುದೂ ಉಂಟು. ರೊಟ್ಟಿ ಈಗ ದಿನಕ್ಕೆ ಮನೆಯ ಮಟ್ಟಿಗೆ ಹತ್ತು ಹನ್ನೆರಡು. ಮಧ್ಯಾಹ್ನ ಒಂದು ತಾಸು ಮಲಗುತ್ತಾಳೆ. ಹಗಲು ಮಲಗುವುದು ಸೋಮಾರಿತನ ಎಂದು ಬದುಕಿಡೀ ನಂಬಿದವಳಿಗೆ ಎಲ್ಲಕ್ಕಿಂತ ಕಹಿಯಾದ ಔಷಧ ಅದೇ.

ಎರಡೂವರೆ ಮಿಲಿಗ್ರಾಂ ಮುಟ್ಟಿ ಎರಡು ತಿಂಗಳಾದ ಮೇಲೆ ಡಾಕ್ಟರು ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಬರೆದರು. ಹಿಂದಿನ ದಿನ ಬೆಳಿಗ್ಗೆಯ ಗುಳಿಗೆಯ ನಂತರ ಮತ್ತೆ ಗುಳಿಗೆ ನುಂಗದೆ, ಎಂಟು ಗಂಟೆಗೆ ರಕ್ತ. 10 ಮೈಕ್ರೋಗ್ರಾಂ ದಾಟಿದ್ದರೆ ಎತ್ತು ನೊಗಕ್ಕೆ ಸಿದ್ಧ. 5ರ ಕೆಳಗಿದ್ದರೆ ಇನ್ನೂ ಕೊಟ್ಟಿಗೆಯಲ್ಲೇ. ಲ್ಯಾಬಿನ ಹುಡುಗ ಸೀಸೆಗೆ ಹೆಸರು ಬರೆದು ಹೈದರಾಬಾದಿಗೆ ಕಳಿಸಿದ. ಮರುದಿನ ಸಂಜೆ ವರದಿ ನನ್ನ ಫೋನಿಗೆ ಬಂತು, ಫಾರ್ವರ್ಡ್‌ಗಳು ಬರುತ್ತಿದ್ದ ಅದೇ ವಾಟ್ಸಾಪಿಗೆ. 7.2.

"ಪಾಸೋ ಫೇಲೋ?" ಎಂದಳು ಚಿಗವ್ವ.

ಎರಡೂ ಅಲ್ಲ, ಗ್ರಂಥಿ ಕಣ್ಣು ಬಿಟ್ಟಿದೆ, ಇನ್ನೂ ಎದ್ದು ಕೂತಿಲ್ಲ, ಮೂರು ತಿಂಗಳು ಇದೇ ಅಳತೆ ನಡೆಯಲಿ, ಆಮೇಲೆ ಮತ್ತೆ ನೋಡೋಣ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು, ಈ ಸಲ ಗೋಡೆ ಹಿಡಿಯದೆ, ಕ್ಯಾಲೆಂಡರಿನ ಹಾಳೆ ಮಗುಚಿ ಪೆನ್ಸಿಲ್ ತಗೊಂಡಳು. ಒಂದರಿಂದ ಮೂವತ್ತರ ತನಕ, ಸಾಲಾಗಿ, ಅರ್ಧಚಂದ್ರ.